ತಗಚೆ ಸೊಪ್ಪಿನ ಸಣ್ಣ ವರ್ತುಲ

ತಾರ್ನಾಕದಲ್ಲಿ ಹಾಲಿನ ಕೇಂದ್ರದ ಮುಂದೆ ಈಗಷ್ಟೇ ಸಾಲು ಹತ್ತಿದೆ. ಪಕ್ಕದ ಔಷಧ ಪರೀಕ್ಷಾಲಯದಲ್ಲಿ ಗುರುಬಾಯಿ ಆಗಲೇ ಸಿಡಿಮಿಡಿಗೊಂಡಿದ್ದಾರೆ. ಮೊನ್ನೆ ಬಂದ ನಾಟಿವೈದ್ಯರೊಬ್ಬರು ಪರೀಕ್ಷೆಯ ಗಾಜಿನ ತಟ್ಟೆಯ ಮುಚ್ಚಳ ತೆಗೆದು, ಸಾರಿನ ಪಾತ್ರೆ ಮೂಸಿದ ಹಾಗೆ ಮೂಸಿ ಹೋಗಿದ್ದಾರೆ. ಈಗ ಅದರ ತುಂಬ ಬೇಡದ ಬೂಷ್ಟು. ಎಲ್ಲ ಮೊದಲಿನಿಂದ ಮಾಡಬೇಕು.

"ಮುಚ್ಚಳ ಮುಟ್ಟಬ್ಯಾಡ್ರಿ ಅಂತ ಕನ್ನಡದಾಗ ಹೇಳೀನಿ, ತೆಲುಗಿನ್ಯಾಗ ಹೇಳೀನಿ, ಹಿಂದಿಯೊಳಗೂ ಹೇಳೀನಿ. ಇನ್ನ ಯಾವ ಭಾಷಾದಾಗ ಹೇಳ್ಲಿ?"

ಸೇಡಂ ಕಡೆಯ ಗುರುಬಾಯಿ ಮದುವೆಯಾಗಿ ಆಗಿನ ಆಂಧ್ರದ ಈ ರಾಜಧಾನಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಇಲ್ಲಿ ಬಾಟಲಿ ತೊಳೆಯಲು ಸೇರಿ, ನೋಡುತ್ತ ನೋಡುತ್ತ ಪರೀಕ್ಷೆ ಕಲಿತರು. ಗಂಜಿಯಂಥ ಅಗರ್ ಅನ್ನು ತಟ್ಟೆಗೆ ಹೊಯ್ದು, ಹೆಪ್ಪುಗಟ್ಟಿದ ಮೇಲೆ ರೋಗಾಣು ಸವರಿ, ನಡುವಿನ ಕುಳಿಗೆ ಔಷಧ ಬಿಡುತ್ತಾರೆ. ಔಷಧಕ್ಕೆ ಕಸುವಿದ್ದರೆ ಕುಳಿಯ ಸುತ್ತ ಏನೂ ಬೆಳೆಯದೆ ತಿಳಿಯಾದ ವರ್ತುಲ ಉಳಿಯುತ್ತದೆ. ಬಾಟಲಿ ಹಿಡಿದು ಬರುವವರೆಲ್ಲ ಫಲಿತಾಂಶವನ್ನೂ ಕಿಸೆಯಲ್ಲೇ ಇಟ್ಟುಕೊಂಡು ಬರುತ್ತಾರೆ. ವರ್ತುಲ ಬೀಳದಿದ್ದರೆ ತಪ್ಪು ಗುರುಬಾಯಿಯದು.

ಹೊರಗಿನವರದು ಹೇಗೋ ನಡೆಯುತ್ತದೆ. ಈ ಸಲ ಬಂದದ್ದು ಒಡಹುಟ್ಟಿದ ಅಣ್ಣ ಸೂಗಪ್ಪ. ಊರಲ್ಲಿ ಗಜಕರ್ಣಕ್ಕೆ ತಗಚೆ ಸೊಪ್ಪಿನ ಕಷಾಯ ಹಚ್ಚುವ ಮನೆತನ ಇವರದು. ಗಜಕರ್ಣದ ಬೂಷ್ಟು ಸವರಿದ ತಟ್ಟೆಗೆ ಕಷಾಯ ಬಿಟ್ಟರೆ ದೊಡ್ಡ ವರ್ತುಲವೇ ಬಿತ್ತು. ಸೂಗಪ್ಪ ಪೇಢೆಯನ್ನೂ ಹಂಚಿಬಿಟ್ಟರು. ಆದರೆ ಬಸ್ಸಿನಲ್ಲಿ ಕೆಡಬಾರದೆಂದು ಅದಕ್ಕೆ ಸ್ಪಿರಿಟ್ ಬೆರೆಸಿ ತಂದಿದ್ದರು. ಗುರುಬಾಯಿ ಬರೀ ಸ್ಪಿರಿಟನ್ನು ಇನ್ನೊಂದು ತಟ್ಟೆಗೆ ಬಿಟ್ಟು ನೋಡಿದರೆ ಅಲ್ಲೂ ಅಷ್ಟೇ ದೊಡ್ಡದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಬರೀ ನೀರಲ್ಲಿ ಕುದಿಸಿದ ಕಷಾಯ ತರಿಸಿ ನೋಡಿದಾಗ ಬಿದ್ದದ್ದು ಕಿರುಬೆರಳ ಉಗುರಿನಷ್ಟು.

"ವರದಿಯೊಳಗ ದೊಡ್ಡದನ್ನ ಬರಿಯವ್ವಾ. ಮೊದಲ ಬಿದ್ದದ್ದು ನಿನ್ನ ಕಣ್ಣಿಲೇ ನೋಡಿಲ್ಲೇನು?" ಎಂದು ಸೂಗಪ್ಪ ಪಟ್ಟು ಹಿಡಿದಿದ್ದಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಬರೆದುಕೊಡದಿದ್ದರೆ ಬರುವ ತಿಂಗಳು ಗುರುಬಾಯಿಯ ಮಗಳ ಮದುವೆಗೆ ಕಾಲಿಡುವುದಿಲ್ಲವಂತೆ. ಸೋದರಮಾವನಿಲ್ಲದ ಹಂದರ ಎಂಥ ಹಂದರ? ಗುರುಬಾಯಿಗೆ ಮೈಯೆಲ್ಲ ಉರಿಯುತ್ತದೆ, ಅಳುವೂ ಬರುತ್ತದೆ.

"ಸಣ್ಣದಾದ್ರೂ ಅದು ಸೊಪ್ಪಿಂದು. ನಮ್ಮಪ್ಪನ ಔಷಧ ಸುಳ್ಳಲ್ಲ ಅಂತ ಅದರಾಗ ಐತಿ. ಅಣ್ಣಗ ಅಷ್ಟೂ ತಿಳೀವಲ್ದು" ಎನ್ನುತ್ತಾರೆ, ಹೊಸ ತಟ್ಟೆಗೆ ಅಗರ್ ಹೊಯ್ಯುತ್ತ. "ಅಂವ ಮದುವಿಗೆ ಬರಬೇಕು, ಅಷ್ಟ ನನ್ನ ಆಸಿ. ಬೇಕಾದ್ರ ಕಾಲ ಹಿಡೀತೀನಿ. ಸ್ಪಿರಿಟಿನ ವರ್ತುಲ ಸೊಪ್ಪಿಂದು ಅಂತ ಬರಿಯೂದು ಮಾತ್ರ ನನ್ನ ಕೈಲೆ ಆಗಂಗಿಲ್ಲ."