ಮಂಗಳವಾರದ ಅಜ್ಜ

ಅಕ್ರಾ ಪಟ್ಟಣದ ಮಗ್ಗುಲಿನ ತೇಶಿಯಲ್ಲಿ ಕಡಲು ಮಂಗಳವಾರ ಮಲಗುತ್ತದೆ. ಅಂದು ಯಾರೂ ದೋಣಿ ಇಳಿಸುವಂತಿಲ್ಲ. ಹಾಗಾಗಿ ದೆದೇಯ ಅಜ್ಜ ಓಡಾರ್ಟೇ ತನ್ನ ಸಂಸಾರವನ್ನೆಲ್ಲ ಮಂಗಳವಾರಗಳಲ್ಲೇ ಮಾಡಿ ಮುಗಿಸಿದ. ಮದುವೆಯಾದದ್ದು ಮಂಗಳವಾರ, ಹೆಂಡತಿಯ ಜೊತೆ ಜಗಳ ಮಂಗಳವಾರ, ರಾಜಿ ಅದೇ ಸಂಜೆ. ಬೇರೆ ದಿನ ಜ್ವರ ಬಂದರೆ "ಮಂಗಳವಾರ ಬಾರಮ್ಮ, ಈಗ ಪುರಸೊತ್ತಿಲ್ಲ" ಅಂತ ಬಲೆ ಹೆಗಲಿಗೇರಿಸಿ ನಡೆದುಬಿಡುತ್ತಿದ್ದ. ಜ್ವರವೂ ಪಾಪ ಕಾಯುತ್ತಿತ್ತು. ಮೊಮ್ಮಕ್ಕಳು ಬುಧವಾರ ಕಿತಾಪತಿ ಮಾಡಿದರೆ ಏಟು ಬೀಳಬೇಕಾದದ್ದು ಮುಂದಿನ ಮಂಗಳವಾರ. ಅಷ್ಟರಲ್ಲಿ ಅವನಿಗೆ ಮರೆತಿರುತ್ತಿತ್ತು, ಇಲ್ಲವೇ ಮರೆತವನ ಹಾಗೆ ಇರುತ್ತಿದ್ದ. ಅಂದು ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತ ಮರಳಲ್ಲಿ ಕೂತರೆ, ಮೊಮ್ಮಕ್ಕಳೆಲ್ಲ ತಾವಾಗಿ ಬಂದು ಆ ಬಲೆಗೆ ಬೀಳುತ್ತಿದ್ದರು. "ಮೆಲ್ಲಗೆ ಮಾತಾಡ್ರೋ, ಕಡಲು ಎದ್ದರೆ ನಂಗೆ ಕೆಲಸ ಹೇಳುತ್ತೆ" ಅನ್ನುತ್ತಿದ್ದ. ಆಗಿನ್ನೂ ಪುಟ್ಟವಳಾಗಿದ್ದ ದೆದೇ ಅವನ ತೊಡೆಯ ಮೇಲೆ, ಉಪ್ಪಿನ ವಾಸನೆಯೊಳಗೆ, ಅಲೆಯ ಸದ್ದಿಗೆ ಉಸಿರು ಕೂಡಿಸುತ್ತ ನಿದ್ದೆ ಹೋಗುತ್ತಿದ್ದಳು. ವರ್ಷಗಳು ಕಳೆದು ಅಜ್ಜ ಹಾಸಿಗೆ ಹಿಡಿದಾಗ ಊರೆಲ್ಲ ಅಂದುಕೊಂಡಿತು, ಈ ಮನುಷ್ಯನಿಗೆ ಸಾಯುವುದಕ್ಕೂ ಮಂಗಳವಾರವೇ ಆಗಬೇಕು ಅಂತ. ಮಂಗಳವಾರ ಬಂತು. ಅಜ್ಜ ಮೆಕ್ಕೆಜೋಳದ ಕೆಂಕೆ ಉಂಡೆ ಮುರಿದು ಹುರಿದ ಮೀನಿನ ಜೊತೆ ತಿಂದ, ದೆದೇಯ ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡ, ಕತ್ತಲಾಗುವವರೆಗೂ ಅದರ ಬೆರಳುಗಳ ಜೊತೆ ಆಡಿದ. ಬುಧವಾರ ಬೆಳಗಿನ ಜಾವ, ದೋಣಿ ನೂಕುವವರ ಹಾಡು ತೇಲಿಬರುವ ಹೊತ್ತಿಗೆ, ಹೊರಟುಹೋದ. "ನಿನ್ನೆನೇ ಹೋಗ್ತಾರೆ ಅಂದ್ಕೊಂಡಿದ್ವಿ" ಎಂದರು ನೆರೆಯವರು. ಅಜ್ಜಿ ಅವನ ಕಾಲಿನ ಹೆಬ್ಬೆರಳು ಸವರುತ್ತ ಹೇಳಿದಳು: "ಮಂಗಳವಾರ ನಮ್ಮದಲ್ವಾ. ಅದನ್ನ ಸಾವಿಗೆ ಯಾಕೆ ಕೊಡ್ತಾರೆ?"