ಹಾಸಿಗೆಗೆ ಹೇಳಿದ ತೂಕ

ಪರಶುರಾಂಪುರದ ಕೆಂಚಕ್ಕನಿಗೆ ಕುರಿಯ ತೂಕ ಹೇಳಲು ತಕ್ಕಡಿ ಬೇಕಿರಲಿಲ್ಲ. ಬೆನ್ನೆಲುಬಿನ ಎರಡೂ ಬದಿ ಹೆಬ್ಬೆರಳು ಒತ್ತಿದರೆ ಸಾಕು, ಅರ್ಧ ಕಿಲೋ ಆಚೀಚೆ ಆಗುತ್ತಿರಲಿಲ್ಲ. ಕಲಿಸಿದವನು ಗಂಡ ರಂಗಯ್ಯ. ಸೋದರಮಾವನನ್ನೇ ಕಟ್ಟಿಕೊಂಡವಳು, ಮದುವೆಯಾಗಿ ಮೂವತ್ತು ವರ್ಷವಾದರೂ 'ಮಾವ' ಎಂದೇ ಕರೆಯುತ್ತಿದ್ದಳು. ಇಬ್ಬರೂ ಕೂಡಿ ಚಳ್ಳಕೆರೆ ಸಂತೆಯಲ್ಲಿ ಕುರಿ ಮಾರಿದವರು. ಮಾರುವಾಗ ಒಂದು ಕಟ್ಟುಪಾಡು ಅವರದು: ಕೈಗೆ ಎಷ್ಟೇ ಹತ್ತಲಿ, ಬಾಯಲ್ಲಿ ನಾಲ್ಕು ಕಿಲೋ ಹೆಚ್ಚೇ ಬರಬೇಕು. ಮಾರುವವನು ಇದ್ದ ತೂಕವನ್ನೇ ಹೇಳಿದನೆಂದರೆ ಕುರಿಯ ಹಗ್ಗ ಕೊಳ್ಳುವವನ ಕೈಗೆ ಬಿಟ್ಟುಕೊಟ್ಟ ಹಾಗೆ, ಅಲ್ಲಿಗೆ ಮಾತು ಮುಗಿಯಿತು.

ಈಗ ರಂಗಯ್ಯ ಏಳು ತಿಂಗಳಿಂದ ಮಲಗಿದಲ್ಲೇ ಇದ್ದ. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಅವತ್ತಿನಿಂದ ಕೆಂಚಕ್ಕನ ಮನಸ್ಸು ಮರಗಟ್ಟಿತ್ತು. ಅಳು ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಗಂಜಿ ಕಾಯಿಸುವಳು, ಅವನ ಮಗ್ಗುಲು ಹೊರಳಿಸುವಳು, ಬಟ್ಟೆ ಒಗೆಯುವಳು. ನೋಡಲು ಬಂದವರು 'ಗಟ್ಟಿ ಹೆಂಗಸು' ಎನ್ನುತ್ತಿದ್ದರು. ಗಟ್ಟಿಯಂತೆ ಗಟ್ಟಿ! ಜನರಿಗೇನು, ಒಳಗೆ ಏನೂ ಉಳಿಯದಿದ್ದುದಕ್ಕೂ ಒಂದು ಒಳ್ಳೆಯ ಹೆಸರಿಟ್ಟು ಎದ್ದು ಹೋಗುತ್ತಾರೆ.

ಹಳೆಯ ಹತ್ತಿ ಹಾಸಿಗೆ ಗಂಟುಗಂಟಾಗಿ ಅವನ ಬೆನ್ನಿಗೆ ಒತ್ತುತ್ತಿತ್ತು. ಚಳ್ಳಕೆರೆಯಿಂದ ಬಂದ ಮಗಳು ಪುಷ್ಪಾ ಹೊಸ ಹಾಸಿಗೆ ತರಿಸಲು ಮೊಬೈಲ್ ಹಿಡಿದು ಅಪ್ಪನ ಪಕ್ಕದಲ್ಲೇ ಕೂತಳು.

"ರಬ್ಬರ್ ಮರದ ಹಾಲಿಂದ ಮಾಡಿದ್ದಂತೆ ಕಣವ್ವ. ಒಳಗೆ ಮೂರು ಪದರ ಐತೆ. ಒಂದು ಮೆತ್ತಗೆ, ಒಂದು ಮಧ್ಯಮ, ಒಂದು ಗಟ್ಟಿ. ಮಲಗೋರ ತೂಕ ಹೇಳಿದ್ರೆ ಯಾವುದು ಮೇಲಿರಬೇಕು ಅಂತ ನೋಡಿ ಜೋಡಿಸಿ ಕಳಿಸ್ತಾರೆ. ಅಪ್ಪಂದು ಎಷ್ಟು ಅಂತ ಹಾಕ್ಲಿ?"

ರಂಗಯ್ಯ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ದಿನಕ್ಕೆ ಆರು ಸಲ ಆ ಮೈ ಎತ್ತುವ ಕೆಂಚಕ್ಕನಿಗೆ ಲೆಕ್ಕ ಗೊತ್ತಿರಲಿಲ್ಲವೇ?

"ಎಪ್ಪತ್ತೆರಡು ಹಾಕು," ಎಂದಳು.

ಪುಷ್ಪಾ ಅವ್ವನ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ಹಾಗೇ ಹಾಕಿದಳು.

ವಾರದೊಳಗೆ ಹಾಸಿಗೆ ಸುರುಳಿ ಸುತ್ತಿಕೊಂಡು ಬಂತು. ಗಟ್ಟಿ ಪದರವೇ ಮೇಲಿತ್ತು. ಮಲಗಿಸಿದರೆ ರಂಗಯ್ಯ ಅದರಲ್ಲಿ ಒಂದಿಷ್ಟೂ ಇಳಿಯಲಿಲ್ಲ. ಜಿಪ್ ಬಿಚ್ಚಿ ಪದರ ಅದಲುಬದಲು ಮಾಡಬಹುದು ಎಂದು ಪುಷ್ಪಾ ಹೇಳಿ ಹೋಗಿದ್ದಳು. ಕೆಂಚಕ್ಕ ಅದರ ಗೊಡವೆಗೆ ಹೋಗಲಿಲ್ಲ. ಬಿಚ್ಚಿದರೆ ತಾನು ಹೇಳಿದ್ದು ಸುಳ್ಳೆಂದು ಅವನ ಎದುರಿಗೇ ಒಪ್ಪಿಕೊಂಡಂತಾಗುತ್ತಿತ್ತು. ಎರಡು ದಿನ ಅವನೂ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೊರಳಿಸುವಾಗ ಹಲ್ಲು ಕಚ್ಚಿಕೊಂಡಿದ್ದು ಅವಳಿಗೆ ಕಂಡಿತು.

"ಒತ್ತತೈತಾ ಮಾವ?"

"ಭಾಳ ಏರಿಸಿದೆ ಕಣೇ ಕೆಂಚಿ," ಎಂದ ರಂಗಯ್ಯ. ಮೀಸೆಯಡಿ ಸಣ್ಣಗೆ ನಗು. "ನಾಲ್ಕು ಕಿಲೋ ಅಂತ ತಾನೇ ಕಲಿಸಿದ್ದು? ಎಪ್ಪತ್ತೆರಡು ಅಂದ್ರೆ ಯಾವನು ನಂಬ್ತಾನೆ?"

ಕೆಂಚಕ್ಕ ಅವನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದಳು. ಜಿಪ್ ಎಳೆದು, ಗಟ್ಟಿ ಪದರ ತೆಗೆದು ಅಡಿಗೆ ತಳ್ಳಿ, ಮೆತ್ತಗಿನದನ್ನು ಮೇಲೆ ಹಾಸಿದಳು. ಮತ್ತೆ ಎತ್ತಿ ತಂದು ಮಗ್ಗುಲಾಗಿ ಮಲಗಿಸಿದಾಗ ಅವನ ಮೈ ಎರಡು ಬೆರಳು ಒಳಗೆ ಇಳಿಯಿತು. ರಂಗಯ್ಯ ಉದ್ದಕ್ಕೆ ಉಸಿರು ಬಿಟ್ಟ.

"ಈಗ ಕೈಯಿಟ್ಟು ಹೇಳು," ಎಂದ.

ಅವಳ ಹೆಬ್ಬೆರಳುಗಳು ತಾವಾಗಿಯೇ ಅವನ ಬೆನ್ನೆಲುಬಿನ ಎರಡೂ ಬದಿಗೆ ಹೋದವು. ಅಲ್ಲಿ ಒತ್ತಲು ಮಾಂಸವೇ ಇರಲಿಲ್ಲ.

"ಮೂವತ್ತೊಂಬತ್ತು."

"ಸರಿಯಾಗಿ ಹೇಳ್ದೆ. ಇನ್ನು ಹಗ್ಗ ಬಿಡು."

ಕೆಂಚಕ್ಕ ಕೈ ತೆಗೆಯಲಿಲ್ಲ.