ಪಂಪಣ್ಣ ಓದಿದ ಪೇಪರು

ನನಗೊಂದು ಕೆಟ್ಟ ಚಟವಿದೆ. ಯಾರ ಬಗ್ಗೆ ಬರೆದರೂ ಅವರು ಆಡಿದ ಮಾತಿಗಿಂತ ಬಚ್ಚಿಟ್ಟ ಮಾತೇ ನನಗೆ ರುಚಿ. ಲಿಂಗಸುಗೂರಿನ ಪತ್ರಿಕೆಯೊಂದಕ್ಕೆ ವಾರಕ್ಕೊಬ್ಬರ ಬದುಕು ಬರೆಯುತ್ತೇನೆ. ಈ ಸಲ ಗೊರೇಬಾಳದ ಪಂಪಣ್ಣನ ಸರದಿ ಬಂತು.

ಮೂವತ್ತು ವರ್ಷದಿಂದ ಪಂಪಣ್ಣ ಹೆಂಡತಿ ಆದಮ್ಮನ ಚಹಾದಂಗಡಿ ಕಟ್ಟೆಯ ಮೇಲೆ ಕೂತು ಪೇಪರು ಓದಿ ಹೇಳುತ್ತಾನೆ. ಅಲ್ಲಿಗೆ ಬರುವುದು ನಮ್ಮ ಪತ್ರಿಕೆಯ ಒಂದೇ ಪ್ರತಿ. ಬೆಳಗಿನ ಏಳಕ್ಕೆ ಕೇಳಲು ಸೇರುವವರು ಓದು ಬಾರದ ಮುದುಕರು, ನಾಟಿಗೆ ಹೊರಟ ಹೆಂಗಸರು. ನಡುನಡುವೆ ಮಂತ್ರಿಗಳನ್ನು ಬೈಯುವುದೂ ಅವನ ಕೆಲಸವೇ.

ಒಮ್ಮೆ ಆದಮ್ಮ ನೀರು ತರಲು ಹೋದಾಗ ನನ್ನೊಬ್ಬಳಿಗೇ ಹೇಳಿದ. ಎರಡು ವರ್ಷದಿಂದ ಅವನಿಗೆ ಅಕ್ಷರ ಕಾಣುತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ನಸುಕಿನಲ್ಲಿ ಮೊಬೈಲಿನ ಸುದ್ದಿ ಕೇಳಿ ನೆನಪಿಟ್ಟುಕೊಂಡು, ಪೇಪರು ಹಿಡಿದು ಒಪ್ಪಿಸುತ್ತಾನೆ.

"ಇದನ್ನ ಬರೀಬ್ಯಾಡವ್ವಾ. ಈ ಕಟ್ಟಿ ತಪ್ಪಿದ್ರ ನನಗ ಮತ್ತೇನೈತಿ?"

ಹೂಂ ಎಂದೆ. ಬರೆದೆ.

ಬರಹ ಕಳಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಆ ಸಾಲು ತೆಗೆಯಿರಿ ಎಂದು ಸಂಪಾದಕರಿಗೆ ನಾಲ್ಕು ಸಲ ಫೋನು ಮಾಡಿದೆ. ಪುಟ ಅಚ್ಚಿಗೆ ಹೋಗಿಯಾಯಿತು, ಬರಹಕ್ಕೆ ಜೀವ ಇರುವುದೇ ಆ ಸಾಲಿನಲ್ಲಿ ಎಂದರು. ಮರುದಿನ ಬೆಳಕು ಹರಿಯುತ್ತಲೇ ಮಸ್ಕಿಯ ಮನೆಯಿಂದ ಸ್ಕೂಟಿ ತೆಗೆದೆ. ಅವನಿಗಿಂತ ಮೊದಲು ಆ ಪೇಪರು ನನ್ನ ಕೈಸೇರಬೇಕಿತ್ತು. ಸಿಂಧನೂರಿನಲ್ಲಿ ಭತ್ತದ ಲಾರಿಗಳು ಅಡ್ಡ ನಿಂತಿದ್ದವು. ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೋಯಿತು.

ನಾನು ಗೊರೇಬಾಳ ಮುಟ್ಟುವಷ್ಟರಲ್ಲಿ ಪೇಪರು ಪಂಪಣ್ಣನ ಕೈಯಲ್ಲಿತ್ತು. ಅವನ ಫೋಟೊ, ಅದರ ಕೆಳಗೆ ದಪ್ಪಕ್ಷರದಲ್ಲಿ ಆ ಸಾಲು. ನಿನ್ನ ಬಗ್ಗೆ ಏನು ಬಂದಿದೆ ಓದು ಎಂದು ಮಂದಿ ದುಂಬಾಲು ಬಿದ್ದಿದ್ದರು. ಅವನು ನನ್ನತ್ತ ನೋಡಿದ. ನಾನು ತಲೆ ತಗ್ಗಿಸಿದೆ. ಪೇಪರು ಮುಖದ ಮುಂದೆ ಹಿಡಿದು ಶುರುಮಾಡಿದ.

ಅವನು ಓದಿದ್ದರಲ್ಲಿ ನಾನು ಬರೆದದ್ದಿಲ್ಲ, ತನ್ನ ಬಗ್ಗೆ ಒಂದು ಮಾತೂ ಇಲ್ಲ. ಬರೀ ಆದಮ್ಮ. ಮದುವೆಯಾಗಿ ಬಂದ ವಾರವೇ ಗದ್ದೆಗೆ ಇಳಿದವಳು. ಕೆಸರುಗಾಲಲ್ಲೇ ಬಂದು ಒಲೆ ಹೊತ್ತಿಸಿದವಳು. ಊರಿಗೆಲ್ಲ ಚಹಾ ಕೊಟ್ಟು ತಾನು ತಳದ ಚರಟ ಕುಡಿದವಳು. ಆದಮ್ಮ ಗ್ಲಾಸು ತೊಳೆಯುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಿದ್ದಳು. ಅವಳ ಕೈಯಿಂದ ನಾಲ್ಕು ದಿನ ಚಹಾ ಕುಡಿದು ಹೋಗಿದ್ದ ನನಗೆ ಅವಳು ಕಂಡೇ ಇರಲಿಲ್ಲ. ನಾಚಿಕೆಯಾಯಿತು.

ಮಂದಿ ಚದುರಿದರು. ಪಂಪಣ್ಣ ಪೇಪರು ಮಡಚಿ ನನ್ನ ಕೈಗಿಟ್ಟ.

"ಇದನ್ನ ನೀನ ಒಯ್ಯವ್ವಾ. ಓದು ಬಲ್ಲೋರು ಹತ್ತಕ್ಕ ಬರ್ತಾರ."

ನಾನು ಅದನ್ನು ಬರೆದದ್ದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅಕ್ಷರ ಕಾಣಂಗಿಲ್ಲ," ಎಂದ. "ಮಂದಿ ಮಾರಿ ಕಾಣತಾವ."